ಅಪ್ಪಯ್ಯನ ಜೊತೆ ಬಾರಾಮತಿ ಸುತ್ತಿದ್ದು

ಬಾರಾಮತಿಯಲ್ಲಿದ್ದೇವೆ ಎಂದ ಕೂಡಲೇ ಊರ ಕಡೆಯವರು ಕೇಳುವುದು ಎರಡೇ ಪ್ರಶ್ನೆ. ಒಂದು, "ಶರದ್ ಪವಾರ್ ಊರಲ್ಲವಾ ಅದು?" ಹೌದು, ಅದೇ. ಎರಡನೆಯದು, "ಅಲ್ಲಿ ನೋಡುವಂಥದ್ದು ಏನಿದೆ?" ಈ ಎರಡನೆಯ ಪ್ರಶ್ನೆಗೆ ನಾನು ಎಂಟು ವರ್ಷ ಒಂದೇ ಉತ್ತರ ಕೊಟ್ಟೆ: "ಏನೂ ಇಲ್ಲ, ಕಬ್ಬು ಇದೆ." ಹಾಗೆ ಹೇಳಿ ನಾನೇ ಮೊದಲು ನಗುತ್ತಿದ್ದೆ. ಈಗ ನೆನೆದರೆ ಸ್ವಲ್ಪ ನಾಚಿಕೆಯಾಗುತ್ತದೆ.

2009ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ಇವರಿಗೆ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ನಾನು ಹೊನ್ನಾವರದ ಹತ್ತಿರದ ಹಳ್ಳಿಯವಳು. ಮಳೆಗಾಲದಲ್ಲಿ ನಮ್ಮಲ್ಲಿ ಎರಡು ವಾರ ಸುರಿಯುವ ಮಳೆ ಇಲ್ಲಿ ಇಡೀ ವರ್ಷಕ್ಕೆ ಬಿದ್ದರೆ ಹೆಚ್ಚು. ನೀರಾ ಕಾಲುವೆಯ ನೀರು ಹೋದಲ್ಲೆಲ್ಲ ಕಬ್ಬು, ದ್ರಾಕ್ಷಿ. ಅದು ಹೋಗದ ಸುಪೆ ಕಡೆ ಬರೀ ಕಲ್ಲು, ಜಾಲಿ, ಕುರಿ. ಮೊದಲ ವರ್ಷ ನನಗೆ ಕಿಟಕಿ ತೆಗೆದರೆ ಅಳು ಬರುತ್ತಿತ್ತು. ಒಂದೇ ಒಂದು ಸಂಗತಿ ಮಾತ್ರ ನನ್ನ ಪರವಾಗಿತ್ತು. ನಮ್ಮ ಹವ್ಯಕರ ಮನೆಗಳಲ್ಲಿ ಅಮ್ಮನಿಗೆ "ಆಯಿ" ಅನ್ನುತ್ತೇವಲ್ಲ, ಮರಾಠಿಯಲ್ಲೂ ಅದೇ. ನಾನು ಫೋನಿನಲ್ಲಿ "ಆಯೀ..." ಎಂದು ಶುರು ಮಾಡಿದ್ದನ್ನು ಕೇಳಿ ಕೆಳಗಿನ ಮನೆಯವರು, ಸೊಸೆ ಮರಾಠಿಯವಳೇ, ನಾಚಿಕೆಯಿಂದ ಮಾತಾಡುವುದಿಲ್ಲ ಅಷ್ಟೇ ಎಂದು ತಿಳಿದಿದ್ದರಂತೆ!

ಪುಣೆ ಇಲ್ಲಿಂದ ನೂರು ಕಿಲೋಮೀಟರ್. ಅಲ್ಲಿ ಕನ್ನಡ ಸಂಘ ಇದೆ, ಕಾರ್ಯಕ್ರಮಗಳಿರುತ್ತವೆ. ವರ್ಷಕ್ಕೆ ಒಂದೆರಡು ಸಲ ಹೋಗಿ, ಒಂದು ನಾಟಕವನ್ನೋ ಒಂದು ಗಾಯನವನ್ನೋ ಕೇಳಿ, ರಾತ್ರಿ ಹನ್ನೆರಡಕ್ಕೆ ತಿರುಗಿ ಬರುತ್ತಿದ್ದೆವು. ನಮ್ಮ ಸಾಂಸ್ಕೃತಿಕ ಜೀವನ ಅಂದರೆ ಅಷ್ಟು. ಉಳಿದ ದಿನ ಊರಿನಲ್ಲಿ ಏನು ನಡೆಯುತ್ತಿತ್ತು ಎಂದು ನಾವು ನೋಡಿದವರಲ್ಲ. ರಸ್ತೆಯಲ್ಲಿ ಡೋಲು ಕೇಳಿಸಿದರೆ ಕಿಟಕಿ ಮುಚ್ಚುತ್ತಿದ್ದೆ, ಮಗು ಮಲಗಿದೆ ಎಂದು.

2017ರ ಆಗಸ್ಟಿನಲ್ಲಿ ಆಯಿ ತೀರಿಕೊಂಡಳು. ದಿನ ಕರ್ಮ ಎಲ್ಲ ಮುಗಿದ ಮೇಲೆ ಅಪ್ಪಯ್ಯನನ್ನು ನಾನೇ ಹಟ ಮಾಡಿ ಕರೆದುಕೊಂಡು ಬಂದೆ. ಆಗ ಅವನಿಗೆ ಎಪ್ಪತ್ತೆರಡು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು, ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವನು. ಆಟ ಇದೆ ಅಂದರೆ ಹತ್ತು ಮೈಲಿ ನಡೆದು ಹೋಗಿ ಬೆಳಗಿನ ಜಾವ ತೋಟದ ಹಾದಿಯಲ್ಲಿ ಪದ ಗುನುಗಿಕೊಂಡು ಬರುತ್ತಿದ್ದವನು. (ಅಪ್ಪಯ್ಯನಿಗೆ ಏಕವಚನವೇ ಎಂದು ಹುಬ್ಬೇರಿಸಬೇಡಿ. ನಮ್ಮ ಮನೆಯಲ್ಲಿ ಹಾಗೆಯೇ. ಬಹುವಚನ ಹಾಕಿದರೆ ಅವನಿಗೆ ಜ್ವರ ಬಂದಿದೆಯೋ ಎಂದು ಕೇಳುತ್ತಾನೆ.)

ಅವನು ಬಂದು ವಾರವಾಗಿತ್ತೋ ಇಲ್ಲವೋ, ಅಕ್ಟೋಬರ್ 3ರಂದು ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹೋದರು ಎಂದು ಸುದ್ದಿ ಬಂತು. ಅವರ ಭಸ್ಮಾಸುರ, ಕೀಚಕ, ದುಷ್ಟಬುದ್ಧಿ ಎಷ್ಟು ಸಲ ನೋಡಿದ್ದನೋ ಅಪ್ಪಯ್ಯನಿಗೇ ಲೆಕ್ಕವಿಲ್ಲ. ಮೊಬೈಲು ಕೆಳಗಿಟ್ಟು, "ಊರಲ್ಲಿದ್ದಿದ್ರೆ ಹೋಗಿ ಬತ್ತಿದ್ದಿ" ಅಂದ. ಅಷ್ಟೇ. ಆಮೇಲೆ ಸುಮಾರು ಒಂದು ತಿಂಗಳು ಅವನು ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಾಲ್ಕನಿಯ ಕುರ್ಚಿಯಲ್ಲಿ ಕೂತು ಎಂಐಡಿಸಿಗೆ ಹೋಗುವ ಲಾರಿಗಳನ್ನು ನೋಡುವುದು. ಕೇಳಿದರೆ, "ಯಂಗೆ ಇಲ್ಲಿ ಹೊತ್ತೇ ಹೋಗ್ತಿಲ್ಲೆ ಕೂಸೇ."

ಹೊತ್ತು ಹೋಗಿಸಬೇಕಲ್ಲ ಎಂದು ನಾನು ಭಾನುವಾರದ ತಿರುಗಾಟ ಶುರು ಮಾಡಿದ್ದು ಹೀಗೆ.

ಮೊದಲು ಮೋರ್ಗಾಂವ್. ಅಷ್ಟವಿನಾಯಕ ಯಾತ್ರೆ ಶುರುವಾಗುವುದೇ ಅಲ್ಲಿಂದ, ಅದು ಇರುವುದು ಬಾರಾಮತಿ ತಾಲೂಕಿನಲ್ಲೇ. ಗುಡಿಯ ನಾಲ್ಕು ಮೂಲೆಯಲ್ಲಿ ಮಿನಾರಿನಂಥ ಕಂಬಗಳು, ಎದುರಿಗೆ ದೊಡ್ಡದೊಂದು ಇಲಿ, ಅದರ ಜೊತೆಗೆ ಗಣಪತಿಗೆ ಎದುರಾಗಿ ಕೂತ ನಂದಿ! ಶಿವನ ನಂದಿ ಇಲ್ಲಿ ಯಾಕೆ ಕೂತಿದೆ ಎನ್ನುವುದಕ್ಕೆ ಅಲ್ಲಿಯವರು ಕತೆ ಹೇಳುತ್ತಾರೆ. ಬೇರೆಲ್ಲೋ ಸಾಗಿಸುತ್ತಿದ್ದ ನಂದಿ ಇಲ್ಲಿ ಗಾಡಿಯಿಂದ ಇಳಿದದ್ದು ಮತ್ತೆ ಏಳಲೇ ಇಲ್ಲವಂತೆ. ಅಪ್ಪಯ್ಯ ಕೈಮುಗಿದ. ಹೊರಗೆ ಬಂದು, "ಇಡಗುಂಜಿ ಗಣಪತಿ ನಿಂತಿದ್ದ, ಇವ ಕೂತಿದ್ದ" ಅಂದ. ಹೇಗಿದೆ ಅಂದಿದ್ದಕ್ಕೆ, "ಅಡ್ಡಿಲ್ಲೆ."

ಈ "ಅಡ್ಡಿಲ್ಲೆ" ಎಂಬ ಮಾತನ್ನು ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಪ್ಪಯ್ಯನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ, ಇದಕ್ಕಿಂತ ದೊಡ್ಡ ತೆಗಳಿಕೆಯೂ ಇಲ್ಲ. ಎಳೆಯುವ ರಾಗದ ಮೇಲೆ ಅರ್ಥ. ಮೋರ್ಗಾಂವಿನ ಅಡ್ಡಿಲ್ಲೆ ಬಹಳ ಗಿಡ್ಡದಿತ್ತು.

ಡಿಸೆಂಬರಿನಲ್ಲಿ ಭಿಗವಣಕ್ಕೆ ಹೋದೆವು. ಭೀಮಾ ನದಿಗೆ ಉಜನಿ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಅಲ್ಲಿಯವರೆಗೂ ಹರಡಿದೆ. ಚಳಿಗಾಲಕ್ಕೆ ರಾಜಹಂಸಗಳು ಬರುತ್ತವೆ, ಮೀನುಗಾರರೇ ದೋಣಿಯಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಬೆಳಿಗ್ಗೆ ಏಳರೊಳಗೆ ನೀರಿನ ಮೇಲಿರಬೇಕು, ಬಿಸಿಲು ಬಂದರೆ ಸುಖವಿಲ್ಲ. ಉದ್ದ ಕಾಲಿನ ಗುಲಾಬಿ ಹಕ್ಕಿಗಳ ಹಿಂಡು ಒಮ್ಮೆಲೇ ಎದ್ದಾಗ ಮಗ ಕೂಗಿದ ಕೂಗಿಗೆ ದೋಣಿಯವನೇ ಬೆಚ್ಚಿದ. ಅಪ್ಪಯ್ಯ ದೋಣಿಯ ಅಂಚು ಹಿಡಿದು ಕೂತಿದ್ದ. ಶರಾವತಿಯಲ್ಲಿ ದೋಣಿ ದಾಟಿ ಬೆಳೆದವನಿಗೆ ಇದೇನು ದೊಡ್ಡದು? ದಡದಲ್ಲಿ ಎಲ್ಲರೂ ಮೀನಿನ ಊಟಕ್ಕೆ ಕೂತರೆ ನಾವು ಮೂರು ತಲೆಮಾರು ಕಟ್ಟಿಕೊಂಡು ಹೋಗಿದ್ದ ಅವಲಕ್ಕಿ ತಿಂದೆವು.

ಹೀಗೆ ನಾನು ತೋರಿಸುವುದು, ಅವನು ನೋಡುವುದು. ಯಾರಿಗಾಗಿ ಹೋಗುತ್ತಿದ್ದೇವೆ ಎಂದು ಇವರು ಒಂದು ದಿನ ಕೇಳಿಯೇಬಿಟ್ಟರು. ನನಗೆ ಸಿಟ್ಟು ಬಂತು. ಉತ್ತರ ಗೊತ್ತಿರಲಿಲ್ಲ, ಅದಕ್ಕೆ.

ಬದಲಾದದ್ದು 2018ರ ಜನವರಿಯಲ್ಲಿ. ಇಲ್ಲಿ ವಿದ್ಯಾ ಪ್ರತಿಷ್ಠಾನ ಎಂಬ ದೊಡ್ಡ ಶಿಕ್ಷಣ ಸಂಸ್ಥೆಯಿದೆ, 1972ರದ್ದು. ಅದರ ಆವರಣದಲ್ಲಿ ಗದಿಮಾ ಸಭಾಗೃಹ. ಗದಿಮಾ ಎಂದರೆ ಗೀತ ರಾಮಾಯಣ ಬರೆದ ಗ. ದಿ. ಮಾಡಗೂಳಕರ. ಅಲ್ಲಿ "ಸಂಗೀತ ಸೌಭದ್ರ" ನಾಟಕ ಇದೆ ಎಂದು ಕೆಳಗಿನ ಮನೆಯ ಕಾಕಾ ಎರಡು ಪಾಸು ಕೊಟ್ಟರು. ಕಾಕಾ ನಮ್ಮ ಮನೆಯ ಮಾಲೀಕರು, ಬಾರಾಮತಿಯಿಂದ ಹತ್ತು-ಹನ್ನೆರಡು ಕಿಲೋಮೀಟರ್ ಆಚೆಯ ಹಳ್ಳಿಯವರು, ಕಬ್ಬಿನ ರೈತರು. ಮರಾಠಿ ಬಾರದ ಅಪ್ಪಯ್ಯ ಮೂರು ಗಂಟೆ ಹೇಗೆ ಕೂತಾನು ಎಂದು ಹೆದರಿ, ಬೇಜಾರಾದರೆ ಎದ್ದು ಬರೋಣ ಎಂದು ತುದಿಯ ಸೀಟಿನಲ್ಲಿ ಕೂರಿಸಿದೆ.

ಪರದೆ ಸರಿದು ಸ್ವಲ್ಪ ಹೊತ್ತಿಗೆ ಅಪ್ಪಯ್ಯ ನನ್ನ ಕಡೆ ಬಾಗಿ, "ಇದು ಸುಭದ್ರಾ ಕಲ್ಯಾಣ ಅಲ್ದನೇ!" ಅಂದ. ಕಾವಿ ಉಟ್ಟ ಕಪಟ ಸನ್ಯಾಸಿ ಅರ್ಜುನ, ತಿಳಿದೂ ತಿಳಿಯದವನ ಹಾಗೆ ಇರುವ ಕೃಷ್ಣ, ಸನ್ಯಾಸಿಯ ಮೇಲೆ ಎಲ್ಲಿಲ್ಲದ ಭಕ್ತಿ ಬಂದ ಬಲರಾಮ... ಮುಂದೆ ಏನಾಗುತ್ತದೆ ಎಂದು ಅವನೇ ನನಗೆ ಪಿಸುಗುಡತೊಡಗಿದ. ಹಿಂದಿನ ಸಾಲಿನವರು "ಶ್" ಅಂದರು. ಪದ ಬಂದಾಗ ಅವನ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಅವು ಆಡುವುದನ್ನು ನಾನು ಆಯಿ ಹೋದ ಮೇಲೆ ನೋಡಿರಲಿಲ್ಲ.

ಮನೆಗೆ ಬಂದು ರಾತ್ರಿ ಹನ್ನೊಂದಕ್ಕೆ ಕಷಾಯ ಕುಡಿಯುತ್ತ ಅವನು ಮಾತಿಗೆ ಕೂತ. ಸೌಭದ್ರ ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1843ರಲ್ಲಿ. ಅದೇ ವರ್ಷ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ "ಸೀತಾ ಸ್ವಯಂವರ" ಆಡಿದ್ದು. ಮರಾಠಿಯವರು ತಮ್ಮ ನಾಟಕದ ಲೆಕ್ಕ ಅಲ್ಲಿಂದಲೇ ಇಡುತ್ತಾರೆ. ಅದರ ಹಿಂದಿನ ವರ್ಷ ಕರ್ನಾಟಕದ ಒಂದು ಭಾಗವತರ ಮೇಳ ಸಾಂಗ್ಲಿಗೆ ಹೋಗಿ ಆಟ ತೋರಿಸಿತ್ತು. ಅದನ್ನು ನೋಡಿದ ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರು, ಇಂಥದ್ದನ್ನು ನಮ್ಮ ಭಾಷೆಯಲ್ಲಿ ಮಾಡು ಎಂದು ಭಾವೆಗೆ ಹೇಳಿದರು. ಇಷ್ಟು ಮರಾಠಿ ಪುಸ್ತಕಗಳಲ್ಲೇ ಇದೆ. ಆ ಮೇಳ ನಮ್ಮ ಹೊನ್ನಾವರದ ಪಕ್ಕದ ಕರ್ಕಿಯದ್ದು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಕರ್ಕಿ ಎಂದರೆ ನಾನು ಬಸ್ಸಿನಲ್ಲಿ ದಿನಾ ದಾಟುತ್ತಿದ್ದ ಊರು! ಭಾವೆಯ ನಾಟಕದಲ್ಲಿ ಮೊದಲು ಗಣಪತಿ ಬರಬೇಕು, ಸರಸ್ವತಿ ಬರಬೇಕು, ಸೂತ್ರಧಾರನೇ ಪದ ಹೇಳಬೇಕು, ರಾಕ್ಷಸರು ಅಬ್ಬರಿಸಬೇಕು. ಆ ಅಬ್ಬರದ ಮೇಲೆಯೇ ಆ ನಾಟಕಗಳಿಗೆ ಆಮೇಲಿನವರು "ಅಲಲಡುರ್ರ್" ಎಂದು ತಮಾಷೆಯ ಹೆಸರಿಟ್ಟರು. "ಬಣ್ಣದ ವೇಷ ಅದು, ಮತ್ತೆಂತದೂ ಅಲ್ಲ" ಎಂದ ಅಪ್ಪಯ್ಯ. ನಾಟಕ ಹೇಗಿತ್ತು ಎಂದೆ. "ಅಡ್ಡಿಲ್ಲೇ..." ಈ ಸಲ ಅದು ಉದ್ದವಾಗಿತ್ತು.

ಅವನು ಇದನ್ನೆಲ್ಲ ಎಲ್ಲಿ ಓದಿದ್ದನೋ. ಮಾಸ್ತರ ಅಲ್ಲವೇ. ಆದರೆ ಎಂಟು ವರ್ಷ ಇಲ್ಲಿದ್ದ ನನಗೆ ಇದು ಗೊತ್ತಿರಲಿಲ್ಲ ಎನ್ನುವುದು ಆ ರಾತ್ರಿ ನನ್ನನ್ನು ಚುಚ್ಚಿತು.

ಅಲ್ಲಿಂದ ಮುಂದೆ ತಿರುಗಾಟದ ಯಜಮಾನಿಕೆ ನನ್ನ ಕೈತಪ್ಪಿತು. ಎಲ್ಲಿಗೆ ಹೋಗಬೇಕೆಂದು ಅಪ್ಪಯ್ಯನೇ ಹೇಳತೊಡಗಿದ. ಕಾಕಾನ ಜೊತೆ ದೋಸ್ತಿಯೂ ಆಯಿತು. ಹೊನ್ನಾವರ ಪೇಟೆಯ ಅಂಗಡಿಗಳಲ್ಲಿ ಕಲಿತ ಕೊಂಕಣಿ ಅಪ್ಪಯ್ಯನದು, ಹಳ್ಳಿಯ ಮರಾಠಿ ಕಾಕಾನದು. ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ನನ್ನ ಏಳು ವರ್ಷದ ಮಗ ದುಭಾಷಿ. ಮನೆಯಲ್ಲಿ ಕನ್ನಡ ಆಡು ಎಂದರೆ ಮುಖ ಗಂಟಿಕ್ಕುತ್ತಿದ್ದ ಹುಡುಗ ಅಜ್ಜನಿಗೆ ಮರಾಠಿ ಹೇಳಿಕೊಡಲಿಕ್ಕೆ ಕನ್ನಡ ಕಲಿತ. ನನ್ನ ಬೈಗುಳಕ್ಕೆ ಆಗದ್ದು ಹಾಗಾಯಿತು.

ಪೇಟೆಯೊಳಗೇ, ಕರ್ಹಾ ನದಿಯ ದಂಡೆಯಲ್ಲಿ ಕಾಶಿವಿಶ್ವೇಶ್ವರನ ಗುಡಿ. ಶ್ರೀಧರಸ್ವಾಮಿಗಳು ಶಿವಲೀಲಾಮೃತ ಮುಗಿಸಿದ್ದು ಈ ಊರಿನಲ್ಲಿ, 1718ರಲ್ಲಿ. ಕವಿ ಮೋರೋಪಂತರು ಪನ್ಹಾಳದಲ್ಲಿ ಹುಟ್ಟಿ ಬದುಕೆಲ್ಲ ಇಲ್ಲಿ ಕಳೆದು 1794ರಲ್ಲಿ ಇಲ್ಲೇ ತೀರಿಕೊಂಡರು. ಅವರು ಬಗೆಬಗೆಯಲ್ಲಿ ನೂರೆಂಟು ರಾಮಾಯಣ ಬರೆದರಂತೆ. ಕೇಳಿ ಅಪ್ಪಯ್ಯ ನಕ್ಕ: ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಎಂದು ಕುಮಾರವ್ಯಾಸ ಹೇಳಿದ್ದು ಇವರನ್ನು ನೋಡುವುದಕ್ಕೆ ಮೊದಲು!

ಜೇಜುರಿಗೂ ಹೋದೆವು. ಮೋರ್ಗಾಂವ್‌ನಿಂದ ಮುಂದೆ ಹದಿನೇಳು ಕಿಲೋಮೀಟರ್. ಬೆಟ್ಟದ ಮೆಟ್ಟಿಲು, ದೀಪಮಾಲೆ, ಖಂಡೋಬನ ಗುಡಿಯ ಅಂಗಳ, ಎಲ್ಲ ಅರಿಸಿನ. ಜನ ಮುಷ್ಟಿ ಮುಷ್ಟಿ ಭಂಡಾರ ಎರಚಿ "ಯೇಳಕೋಟ ಯೇಳಕೋಟ" ಎಂದು ಕೂಗುತ್ತಾರೆ. ಮಗ ಅರ್ಥ ಕೇಳಿದ, ಕಾಕಾಗೂ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪಯ್ಯ, ಅದು ಕನ್ನಡ, ಏಳು ಕೋಟಿ, ನಮ್ಮ ಮೈಲಾರನ ಜಾತ್ರೆಯಲ್ಲೂ ಇದೇ ಕೂಗು ಎಂದು ಬಿಡಿಸಿ ಹೇಳಿದ. ಮೈಲಾರ, ಮಲ್ಹಾರಿ, ಖಂಡೋಬ ಮೂವರೂ ಒಬ್ಬನೇ. ಕಾಕಾ ಒಂದು ಗಳಿಗೆ ಸುಮ್ಮನಿದ್ದು, "ಹಾಗಾದರೆ ನಾನು ಹುಟ್ಟಿದಾಗಿನಿಂದ ಕನ್ನಡ ಮಾತಾಡುತ್ತಿದ್ದೇನೆ" ಅಂದರು. ಇಳಿಯುವಾಗ ನಾವು ಐದು ಜನರೂ ಹಳದಿಯಾಗಿದ್ದೆವು. ಅಂದ ಹಾಗೆ, ಜೇಜುರಿಗೆ ಹೋಗುವವರು ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಬೇಡಿ. ಆ ಅರಿಸಿನ ಸುಲಭಕ್ಕೆ ಹೋಗುವುದಿಲ್ಲ.

ಇನ್ನು ತಮಾಶಾದ ಕತೆ. ಇದನ್ನು ನಮ್ಮ ನೆಂಟರಿಗೆ ಈವರೆಗೆ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಚೈತ್ರದಲ್ಲಿ ಈ ಕಡೆ ಹಳ್ಳಿಹಳ್ಳಿಗೂ ಜಾತ್ರೆ. ರಾತ್ರಿ ತಮಾಶಾ, ಮರುದಿನ ಕುಸ್ತಿ. ಏಪ್ರಿಲಿನ ಒಂದು ಸಂಜೆ ಊರ ಜಾತ್ರೆಗೆಂದು ಕಾಕಾ ಅಪ್ಪಯ್ಯನನ್ನು ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದರು. ಒಂಬತ್ತಾಯಿತು, ಹನ್ನೊಂದಾಯಿತು, ಬರಲಿಲ್ಲ. ಫೋನು ಹಚ್ಚಿದರೆ ಎತ್ತುವುದಿಲ್ಲ. ಕೊನೆಗೆ ಕಾಕೂ ಬಾಗಿಲಿಗೆ ಬಂದು ನಗುತ್ತ ಹೇಳಿದರು, "ತಮಾಶಾ ನೋಡಲು ಕೂತಿದ್ದಾರಂತೆ. ಬೆಳಿಗ್ಗೆ ಬರುತ್ತಾರೆ."

ನನ್ನ ಎದೆ ಧಸಕ್ಕೆಂದಿತು. ತಮಾಶಾ ಅಂದರೆ ನನ್ನ ತಲೆಯಲ್ಲಿದ್ದದ್ದು ಸಿನಿಮಾದ ಲಾವಣಿ, ಸಿಳ್ಳೆ, ತೂರುವ ನೋಟು. ಹೆಂಡತಿ ತೀರಿಕೊಂಡು ವರ್ಷಾಂತವೂ ಆಗದ, ನಿವೃತ್ತ ಮಾಸ್ತರ, ಜಪ ಮಾಡುವ ನನ್ನ ಅಪ್ಪಯ್ಯ ತಮಾಶಾದಲ್ಲಿ! ಊರಲ್ಲಿ ಗೊತ್ತಾದರೆ? ಅಣ್ಣ ಏನಂದಾನು? ಇವರು, "ಚೌಕಿಯಲ್ಲಿ ರಾತ್ರಿಗಟ್ಟಲೆ ಕೂತವನಿಗೆ ಇದೇನು ಹೊಸದು, ಮಲಗು" ಎಂದು ತಿರುಗಿ ಮಲಗಿದರು. ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಆರೂವರೆಗೆ ಬಂದ. ಕಣ್ಣು ಕೆಂಪು, ತಲೆಯ ಮೇಲೆ ಧೂಳು, ಮುಖದಲ್ಲಿ ಮಾತ್ರ ಆಟ ನೋಡಿ ತೋಟದ ಹಾದಿಯಲ್ಲಿ ಬರುತ್ತಿದ್ದಾಗಿನ ಅದೇ ಕಳೆ. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದ. ಮೊದಲು ಗಣ, ಅಂದರೆ ಗಣಪತಿ ಸ್ತುತಿ. ಆಮೇಲೆ ಗೌಳಣ: ಮೊಸರು ಮಾರಲು ಮಥುರೆಗೆ ಹೊರಟ ಗೊಲ್ಲತಿಯರನ್ನು ಕೃಷ್ಣ ಅಡ್ಡಗಟ್ಟುತ್ತಾನೆ, ಅವನ ಜೊತೆಗೊಬ್ಬ ಪೆಂದ್ಯಾ, ಗೊಲ್ಲತಿಯರ ಜೊತೆಗೆ ಹೆಣ್ಣುವೇಷದ ಗಂಡಸು, ಮಾವಶಿ. ಆ ಮಾವಶಿಯ ಮಾತಿಗೆ ಇಡೀ ಬಯಲು ಬಿದ್ದುಬಿದ್ದು ನಗುತ್ತದೆ. ಅದಾದ ಮೇಲೆ ಹಾಸ್ಯದ ಮಾತುಕತೆ, ಕೊನೆಗೆ ಬೆಳಗಿನವರೆಗೂ ವಗ, ಎಂದರೆ ಕತೆ. "ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಆದ ಮೇಲೆ ಪ್ರಸಂಗ. ಕ್ರಮ ಅದೇಯ. ಇವಕ್ಕೆ ಚಂಡೆ ಇಲ್ಲೆ, ಢೋಲಕಿ ಇದ್ದು, ಹಲಗಿ ಇದ್ದು. ಆ ಢೋಲಕಿಯವನ ಕೈ..." ಎಂದು ಗಾಳಿಯಲ್ಲಿ ಬಾರಿಸಿ ತೋರಿಸಿದ.

"ಹೆಂಗಸರ ಕುಣಿತ?" ಎಂದು ಕೇಳಿಯೇಬಿಟ್ಟೆ. ಅವನು ನನ್ನನ್ನು ಶಾಲೆಯ ಹುಡುಗಿಯನ್ನು ನೋಡುವ ಹಾಗೆ ನೋಡಿದ. ಆಟ ಮುಗಿದ ಮೇಲೆ ಕಾಕಾ ಅವನನ್ನು ರಂಗದ ಹಿಂದೆ ಕರೆದುಕೊಂಡು ಹೋಗಿದ್ದರಂತೆ. ಆಗಷ್ಟೇ ಕುಣಿದಿದ್ದ ಹೆಂಗಸು ನೆಲದ ಮೇಲೆ ಕೂತು ಗೆಜ್ಜೆ ಬಿಚ್ಚುತ್ತಿದ್ದಳಂತೆ. ಗೆಜ್ಜೆಯ ಭಾರಕ್ಕೆ ಕಾಲ ಮೇಲೆ ಕಪ್ಪು ಗುರುತು. ಪಕ್ಕದಲ್ಲಿ ಮಲಗಿದ್ದ ಮಗುವನ್ನು ಎಬ್ಬಿಸಿ ಟ್ರಕ್ಕು ಹತ್ತಬೇಕು, ಮುಂದಿನ ಊರು ಬೇರೆ. "ಮೇಳದವರದ್ದೂ ಹಿಂಗೇಯ ಇತ್ತು, ಮೊದಲು" ಅಂದು ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, ಪಠ್ಠೆ ಬಾಪೂರಾವ್ ಎಂಬ ದೊಡ್ಡ ತಮಾಶಾ ಕವಿಯೂ ಕುಲಕರ್ಣಿಗಳ ಮನೆಯ ಬ್ರಾಹ್ಮಣನೇ, ಮನೆ-ಜಾತಿ ಎಲ್ಲ ಬಿಟ್ಟು ಇದರ ಹಿಂದೆ ಹೋದನಂತೆ, ಕಾಕಾ ಹೇಳಿದರು ಎಂದ. ನೀನೂ ಹೋಗುತ್ತೀಯಾ ಎಂದು ಕೇಳಿದ್ದಕ್ಕೆ, "ಮಂಡಿ ನೋವಿಲ್ಲದಿದ್ರೆ ನೋಡಲಾಗಿತ್ತು" ಎಂದ. ಎಷ್ಟು ದಿನದ ಮೇಲೆ ನಕ್ಕೆವೋ ಇಬ್ಬರೂ.

ಆ ಬೇಸಿಗೆಯೆಲ್ಲ ಮನೆ ಮೇಳವಾಯಿತು. ರಟ್ಟಿನ ಕಿರೀಟ, ಚಾಕಲೇಟಿನ ಚಿನ್ನದ ಕಾಗದ, ನನ್ನ ಹಳೆಯ ಸೀರೆ. ಅಜ್ಜ ಮೊಮ್ಮಗ ಸೇರಿ ಅಭಿಮನ್ಯುವನ್ನು ತಯಾರು ಮಾಡಿದರು. ಕುಣಿತ ನಮ್ಮ ಬಡಗಿನದು, ಮಾತು ಮರಾಠಿಯದು. ಸಪ್ಟೆಂಬರಿನಲ್ಲಿ ಕಾಲೊನಿಯ ಗಣೇಶೋತ್ಸವಕ್ಕೆ ಅದನ್ನು ಆಡಿಸುವುದೆಂದು ನಿಶ್ಚಯವೂ ಆಯಿತು. ಅಪ್ಪಯ್ಯ ಇಲ್ಲೇ ಉಳಿಯುತ್ತಾನೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿಕೊಂಡೆ. ಬಾಲ್ಕನಿಯ ಪಕ್ಕದ ಕೋಣೆಗೆ ಹೊಸ ಮಂಚ ತರಿಸಿದೆ.

ಜುಲೈಯಲ್ಲಿ ಪಾಲಖಿ ಬಂತು. ದೇಹುವಿನಿಂದ ಪಂಢರಪುರಕ್ಕೆ ತುಕಾರಾಮರ ಪಾದುಕೆ ಹೊತ್ತು ಹೊರಡುವ ವಾರಕರಿಗಳ ಮೆರವಣಿಗೆ ಪುಣೆ ದಾಟಿ, ಯವತ ದಾಟಿ ಬಾರಾಮತಿಯಲ್ಲಿ ಒಂದು ರಾತ್ರಿ ತಂಗುತ್ತದೆ. ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ಶುರು ಮಾಡಿದ ಪದ್ಧತಿ. ಆ ದಿನ ಊರಲ್ಲಿ ಯಾರ ಮನೆಯ ಬಾಗಿಲೂ ಮುಚ್ಚಿರುವುದಿಲ್ಲ. ಎಂಟು ವರ್ಷ ನಾನು ಅದನ್ನು ಟ್ರಾಫಿಕ್ ಜಾಮ್ ಎಂದೇ ಕರೆದಿದ್ದೆ.

ಮರುದಿನ ಪಾಲಖಿ ಕಾಟೇವಾಡಿಗೆ ಬರುತ್ತದೆ. ನೋಡಬೇಕಾದದ್ದು ಅಲ್ಲಿ. ಕಾಕಾ ಬೆಳಿಗ್ಗೆ ಒಂಬತ್ತಕ್ಕೇ ನಮ್ಮನ್ನು ಕರೆದೊಯ್ದು ಒಂದು ಮನೆಯ ಕಟ್ಟೆಯ ಮೇಲೆ ಕೂರಿಸಿದರು. ಚಹಾ ಅಂಗಡಿಯ ಸ್ಪೀಕರಿನಲ್ಲಿ ನಮ್ಮ ಗದಗದ ಭೀಮಸೇನ ಜೋಶಿಯವರ ಅಭಂಗ. ಹೊತ್ತು ಏರಿದ ಹಾಗೆ ದಿಂಡಿಗಳು ಬರತೊಡಗಿದವು. ಬಿಳಿ ಟೋಪಿ, ಭಗವಾ ಧ್ವಜ, ತಾಳ, ಮೃದಂಗ, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು. ಪಾಲಖಿ ಬರುವ ಹೊತ್ತಿಗೆ ಊರಿನ ಅಗಸರು ದಾರಿಯುದ್ದಕ್ಕೂ ಧೋತರ ಹಾಸಿದರು, ಪಾಲಖಿ ಅದರ ಮೇಲೆ ಹಾದುಬಂತು. ಆಮೇಲೆ ಕುರಿಗಳ ರಿಂಗಣ. ಧನಗರರು ತಮ್ಮ ಹಿಂಡುಗಳನ್ನು ತಂದು ಪಾಲಖಿಯ ಸುತ್ತ ಓಡಿಸುತ್ತಾರೆ. ಒಂದು ಕುರಿ ಓಡಿದರೆ ಉಳಿದವು ಹಿಂದೆ. ನೂರಾರು ಕುರಿ, ಧೂಳು, ಗಂಟೆ, "ಜ್ಞಾನಬಾ ತುಕಾರಾಮ" ಎಂಬ ಘೋಷ. ಹೀಗೆ ಓಡಿಸಿದರೆ ಕುರಿಗೆ ರೋಗ ಬರುವುದಿಲ್ಲ ಎಂದು ಪಕ್ಕದಲ್ಲಿದ್ದ ಕುರಿಗಾಹಿ ಹೇಳಿದ. ಅವರ ದೇವರು ಬಿರೋಬಾ, ನಮ್ಮ ಕುರುಬರ ಬೀರಪ್ಪ. ಓಡುವುದಾದರೆ ಮರುದಿನ ಬೆಳವಾಡಿಯ ಬಯಲಿನಲ್ಲಿ ಕುದುರೆಯೂ ಓಡುತ್ತದೆ, ಅದು ಇನ್ನೂ ದೊಡ್ಡ ರಿಂಗಣ, ಜನವೂ ಜಾಸ್ತಿ. ನನ್ನನ್ನು ಕೇಳಿದರೆ ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಕಾಟೇವಾಡಿಯೇ ಸೈ. ಕುದುರೆಯನ್ನು ಎಲ್ಲಿಯಾದರೂ ನೋಡಬಹುದು.

ಕುರಿಗಳು ಹೋದ ಮೇಲೆ ಒಂದು ಸಣ್ಣ ದಿಂಡಿ ನಮ್ಮ ಕಟ್ಟೆಯ ಎದುರಿಗೇ ನೀರು ಕುಡಿಯಲು ನಿಂತಿತು. ಅದರಲ್ಲಿ ಒಬ್ಬಳು ಮುದುಕಿ. ಹಸಿರು ನೂಲಿನ ಸೀರೆ, ತಲೆಯ ಮೇಲೆ ತುಳಸಿ, ಬಿಸಿಲಿಗೆ ಒಡೆದ ಪಾದ. ವಾರಕರಿಗಳಲ್ಲಿ ಎದುರು ಸಿಕ್ಕವರ ಕಾಲು ಮುಟ್ಟಿ "ಮಾವುಲಿ" ಅನ್ನುವುದು ವಾಡಿಕೆ. ಮಾವುಲಿ ಎಂದರೆ ತಾಯಿ. ಅವಳು ತುಳಸಿಯನ್ನು ಇನ್ನೊಬ್ಬಳ ಕೈಗೆ ಕೊಟ್ಟು ಬಗ್ಗಿ ಅಪ್ಪಯ್ಯನ ಕಾಲು ಮುಟ್ಟಿದಳು. ಅವನು ಗಾಬರಿಯಾಗಿ ಹಿಂದೆ ಸರಿದ. ಆಮೇಲೆ ಏನನ್ನಿಸಿತೋ, ಮಂಡಿನೋವಿನ ಮನುಷ್ಯ, ಕಟ್ಟೆಯಿಂದ ಇಳಿದು, ರಸ್ತೆಯ ಧೂಳಿನಲ್ಲಿ ಬಗ್ಗಿ ಅವಳ ಪಾದ ಮುಟ್ಟಿದ. ಏಳಲಿಕ್ಕೆ ಸುಮಾರು ಹೊತ್ತು ಬೇಕಾಯಿತು. ಅವಳು ಎಲ್ಲಿಯವರು ಎಂದು ಕೇಳಿದಳು. ಕರ್ನಾಟಕ ಎಂದು ಮಗ ಹೇಳಿದ. "ವಿಠೋಬನ ಊರಿನವರು" ಎಂದಳು ಮುದುಕಿ. ವಿಠ್ಠಲ ಕನ್ನಡದವನು ಎಂದು ಜ್ಞಾನೇಶ್ವರರೇ ಒಂದು ಅಭಂಗದಲ್ಲಿ ಹೇಳಿಬಿಟ್ಟಿದ್ದಾರಲ್ಲ, ಅದು ಇವರಿಗೆಲ್ಲ ಬಾಯಿಪಾಠ.

ಆ ರಾತ್ರಿ ಊಟ ಮಾಡುವಾಗ ಅಪ್ಪಯ್ಯ, "ಆನು ಮುಂದಿನ ವಾರ ಊರಿಗೆ ಹೋಗ್ತಿ" ಅಂದ.

ನನಗೆ ಅರ್ಥವಾಗಲಿಲ್ಲ. ಇಲ್ಲಿ ಹಿಡಿಸದೆ ಹೋದರೆ ಬೇರೆ ಮಾತು. ಈಗಷ್ಟೇ ಹಿಡಿಸಿದೆ, ಜನ ಸಿಕ್ಕಿದ್ದಾರೆ, ಮೊಮ್ಮಗ ಕನ್ನಡ ಆಡುತ್ತಿದ್ದಾನೆ, ಗಣೇಶೋತ್ಸವ ಇದೆ! ಯಾಕೆ ಎಂದು ಕೇಳಿದೆ. "ಇಲ್ಲಿ ಎಲ್ಲಾ ಅಡ್ಡಿಲ್ಲೆ. ಅದಕ್ಕೇಯ ಹೋಗ್ತಿ." ಇದೆಂಥ ಉತ್ತರ? ಸಿಟ್ಟಿನಲ್ಲಿ ನನ್ನ ಬಾಯಿಂದ ಬಂದುಹೋಯಿತು: "ಅಲ್ಲಿ ನಿನ್ನನ್ನು ಯಾರು ಕಾಯುತ್ತಿದ್ದಾರೆ? ಅಣ್ಣ ಒಂದು ದಿನ ಬಾ ಎಂದು ಕರೆದಿದ್ದಾನಾ?"

ಕರೆದಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಮಜ್ಜಿಗೆ ಅನ್ನ ಕಲಸುವುದನ್ನು ನಿಲ್ಲಿಸಿದ, ಮತ್ತೆ ಕಲಸಿದ. ಉಂಡು, ಕೈ ತೊಳೆದು, ಬಾಲ್ಕನಿಗೆ ಹೋಗಿ ಕೂತ. ಹೊಸ ಮಂಚದ ಮೇಲೆ ಮಡಿಸಿಟ್ಟ ಅವನ ಪಂಚೆಗಳನ್ನು ನೋಡಿ ನಾನು ಅಡುಗೆಮನೆಯ ದೀಪ ಆರಿಸಿ ಅತ್ತೆ. ಎರಡು ದಿನ ಬಿಟ್ಟು ಅವನೇ ಹೇಳಿದ. ಬಂದಾಗ ಊರು ನೆನೆದರೆ ಆಯಿಯ ಚಿತೆ ಒಂದೇ ಕಾಣುತ್ತಿತ್ತಂತೆ. ಈ ಆರು ತಿಂಗಳು ನೋಡಿದ್ದರಲ್ಲೆಲ್ಲ ಊರು ಬೇರೆ ಬೇರೆ ರೀತಿ ಕಾಣತೊಡಗಿತಂತೆ. ಕರ್ಕಿ, ಇಡಗುಂಜಿ, ಚೌಕಿ, ತೋಟದ ಹಾದಿ. ಇನ್ನು ಅಲ್ಲಿ ಇರಬಲ್ಲೆ ಅನ್ನಿಸಿದೆಯಂತೆ. ಅಣ್ಣ ಕರೆಯದಿದ್ದರೆ ಏನಾಯಿತು, ಮನೆ ನನ್ನದೇ ಅಲ್ಲವಾ ಎಂದ. ನಾನು ಆಡಿದ ಮಾತಿಗೆ ತಪ್ಪಾಯಿತು ಎಂದು ಹೇಳಬೇಕಿತ್ತು. ಬಸ್ಸಿಗೆ ಬುತ್ತಿ ಕಟ್ಟುವುದರಲ್ಲಿ ಅದು ಉಳಿದೇಹೋಯಿತು.

ಆಗಸ್ಟಿನಲ್ಲಿ ಆಯಿಯ ವರ್ಷಾಂತಕ್ಕೆ ನಾವೂ ಹೋದೆವು. ಅಣ್ಣ-ಅತ್ತಿಗೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಅಂಥದ್ದೇನಿಲ್ಲ. ಸಪ್ಟೆಂಬರಿನಲ್ಲಿ ಮಗ ಅಜ್ಜನಿಲ್ಲದೆ ಅಭಿಮನ್ಯು ಆಡಿದ. ಪದ ಹೇಳಲು ಯಾರೂ ಇರಲಿಲ್ಲವೆಂದು ಕಾಕಾ ತಮ್ಮ ಊರಿನಿಂದ ಒಬ್ಬ ಢೋಲಕಿಯವನನ್ನು ಕರೆತಂದರು. ಚಕ್ರವ್ಯೂಹ ಹೊಗುವಾಗ ಕಿರೀಟ ಕಳಚಿ ಬಿತ್ತು, ಹುಡುಗ ಅದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಕುಣಿದ. ಬಹಳ ಚಪ್ಪಾಳೆ ಬಂತು. ವಿಡಿಯೋ ನೋಡಿ ಅಪ್ಪಯ್ಯ, ಎಡಗಾಲು ತಡವಾಗುತ್ತದೆ ಎಂದ.

ಮತ್ತೆ ಅವನು ಬಾರಾಮತಿಗೆ ಬಂದಿಲ್ಲ. ಆದರೆ ಪ್ರತಿವರ್ಷ ಪಾಲಖಿ ಬರುವ ಹೊತ್ತಿಗೆ ಅವನ ಫೋನು ತಪ್ಪಿದ್ದಿಲ್ಲ. ಕುರಿ ಓಡಿದವಾ ಎಂದು ಮೊದಲ ಪ್ರಶ್ನೆ. 2020 ಮತ್ತು 2021ರಲ್ಲಿ ಕೊರೊನಾದಿಂದ ವಾರಿ ನಡೆಯಲಿಲ್ಲ, ಪಾದುಕೆಗಳು ಬಸ್ಸಿನಲ್ಲಿ ಹೋದವು. ಈ ವರ್ಷ ಕುರಿ ಇಲ್ಲ ಅಪ್ಪಯ್ಯ ಎಂದರೆ, ನಮ್ಮಲ್ಲಿ ಆಟವೂ ಇಲ್ಲ ಎಂದಿದ್ದ. 2022ರಲ್ಲಿ ಮತ್ತೆ ಶುರುವಾಯಿತು. ಆ ಸಲ ನಾನೇ ಕಾಟೇವಾಡಿಯ ಅದೇ ಕಟ್ಟೆಯ ಮೇಲೆ ನಿಂತು ಅವನಿಗೆ ಫೋನು ಹಚ್ಚಿ, ಕೈ ಎತ್ತಿ ಹಿಡಿದೆ. ಹತ್ತು ನಿಮಿಷದ ಮೇಲೆ ಕಿವಿಗೆ ಇಟ್ಟುಕೊಂಡು ಕೇಳಿಸಿತಾ ಎಂದೆ. ಗಂಟೆ ಕೇಳಿಸಿತು, ಆದರೆ ಯಾರೋ ಪಕ್ಕದಲ್ಲಿ ವಿಪರೀತ ಕೆಮ್ಮುತ್ತಿದ್ದರು ಎಂದ. ಧೂಳಿಗೆ ಕೆಮ್ಮುತ್ತಿದ್ದವಳು ನಾನೇ. ಮನೆಗೆ ಹೋಗಿ ಶುಂಠಿ ಕಷಾಯ ಮಾಡಿಕೋ ಎಂದು ಹೇಳಿ, ಕಾಕಾಗೆ ಕೊಡು ಎಂದ. ಫೋನನ್ನು ಕಾಕಾನ ಕೈಗೆ ಕೊಟ್ಟೆ. ಅವರಿಬ್ಬರೂ ಅರ್ಧ ಕೊಂಕಣಿ ಅರ್ಧ ಮರಾಠಿಯಲ್ಲಿ ಮಾತಾಡುತ್ತ ನಿಂತಿದ್ದಷ್ಟು ಹೊತ್ತೂ ಎದುರಿಗೆ ದಿಂಡಿಗಳು ಹೋಗುತ್ತಲೇ ಇದ್ದವು.